ಕ್ಲಾಸ್‌ಗೆ ಸೇರಿ, ಪ್ಯಾಕೇಜ್ ಬೇಡ: ಬೆಳಗಾವಿಯ ಒಂದು ಎನ್‌ಕ್ಲೆಕ್ಸ್ ಕೋಚಿಂಗ್

ನಾನು ಗೋಕಾಕ ಕಡೆಯವಳು, ಬೆಳಗಾವಿಯಲ್ಲಿ ಐಸಿಯು ಸ್ಟಾಫ್ ನರ್ಸ್. ಅಮೆರಿಕಾದಲ್ಲಿ ಟ್ರಾವೆಲ್ ನರ್ಸ್ ಆಗೋ ಆಸೆ, ಅಂದರೆ ಕೆಲವೇ ವಾರಗಳ ಕಾಂಟ್ರ್ಯಾಕ್ಟ್ ಮೇಲೆ ಊರೂರಿನ ಆಸ್ಪತ್ರೆಗಳಲ್ಲಿ ದುಡಿಯೋದು. ಅದಕ್ಕೆ ಮೊದಲು ಅಲ್ಲಿನ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಬೇಕು. ಹಾಗಾಗಿ ಇಲ್ಲಿನ ಒಂದು ಕೋಚಿಂಗ್ ಸೇರಿದೆ. ಹೆಸರು ಬರೆಯುವುದಿಲ್ಲ.

ಪಾಠ ಚೆನ್ನಾಗಿದೆ. ಸರ್ ನಾಲ್ಕು ಪೇಷಂಟ್‌ಗಳ ವಿವರ ಕೊಟ್ಟು, ‘ಮೊದಲು ಯಾರ ಹತ್ತಿರ ಹೋಗ್ತೀರಿ?’ ಅಂತ ಕೇಳುತ್ತಾರೆ. ನಮ್ಮ ವಾರ್ಡ್‌ಗಳಲ್ಲಾದರೆ ಯಾರ ಕಡೆಯವರು ಜಾಸ್ತಿ ಕೂಗಾಡುತ್ತಾರೋ ಆ ಬೆಡ್‌ಗೇ ಮೊದಲು ಓಡುತ್ತೇವೆ, ಅಲ್ವಾ? ಎನ್‌ಕ್ಲೆಕ್ಸ್‌ನಲ್ಲಿ ಹಾಗೆ ಮಾಡಿದರೆ ಮುಗೀತು. ನೋವು ಅಂತ ಅರಚುವವನು ಕಾಯಬಹುದು, ಸುಮ್ನೆ ಮಲಗಿ ಉಸಿರಿಗೆ ಕಷ್ಟಪಡುವವನು ಕಾಯುವ ಹಾಗಿಲ್ಲ. ಡೋಸ್ ಲೆಕ್ಕದಲ್ಲಿ ತೂಕ ಪೌಂಡ್‌ನಲ್ಲಿ ಬಂದರೆ 2.2ರಿಂದ ಭಾಗಿಸಿ ಕಿಲೋ ಮಾಡಿಕೊಳ್ಳಬೇಕು. ಪ್ರಶ್ನೆಯನ್ನು ಕಂಪ್ಯೂಟರೇ ಆರಿಸುತ್ತದೆ, ಸರಿ ಉತ್ತರ ಕೊಟ್ಟಷ್ಟೂ ಮುಂದಿನದು ಕಷ್ಟ. ಕಡಿಮೆ ಅಂದರೆ 85, ಜಾಸ್ತಿ ಅಂದರೆ 150 ಪ್ರಶ್ನೆ, ಸಮಯ 5 ಗಂಟೆ. ಹಿಂದಿನ ಪ್ರಶ್ನೆಗೆ ವಾಪಸ್ ಹೋಗೋಕಾಗಲ್ಲ. ಇದನ್ನೆಲ್ಲ ಸರ್ ತಾಳ್ಮೆಯಿಂದ ರೂಢಿ ಮಾಡಿಸುತ್ತಾರೆ. ನೈಟ್ ಡ್ಯೂಟಿ ಬಿದ್ದರೆ ಬೆಳಗಿನ ಬ್ಯಾಚ್‌ನವರು ಸಂಜೆ ಬಂದು ಕೂರಬಹುದು.

ನನ್ನ ತಕರಾರು ಪಕ್ಕದ ರೂಮಿನ ಬಗ್ಗೆ. ಅಲ್ಲಿ ಅಮೆರಿಕಾದಲ್ಲಿ ಕೆಲಸ ಕೊಡಿಸುತ್ತೇವೆ ಅಂತ ಪ್ಲೇಸ್‌ಮೆಂಟ್ ಪ್ಯಾಕೇಜ್ ಮಾರುತ್ತಾರೆ. ಗೋಡೆ ಮೇಲೆ ‘13 ವಾರಕ್ಕೊಂದು ಊರು’ ಅಂತ ಪೋಸ್ಟರ್. ‘ಒಂದ ಊರಾಗ ಯಾಕ ಕೂಡ್ತೀರಿ ಸಿಸ್ಟರ್, ಅಮೆರಿಕಾ ಪೂರಾ ಅಡ್ಡಾಡ್ಕೋತ ದುಡೀರಿ’ ಅಂದರು ಅಲ್ಲಿನ ಮೇಡಂ. 13 ವಾರದ ಕಾಂಟ್ರ್ಯಾಕ್ಟ್‌ಗಳು ಇರುವುದು ನಿಜ. ಆದರೆ ಅವು ಅಲ್ಲಿನ ಲೈಸೆನ್ಸ್ ಜೊತೆಗೆ ಅಲ್ಲಿ ದುಡಿಯುವ ಹಕ್ಕೂ ಇರುವವರಿಗೆ. ನಾವು ಇಲ್ಲಿಂದ ಹೋಗುವುದು ಸಾಮಾನ್ಯವಾಗಿ ಇಬಿ-3 ಗ್ರೀನ್ ಕಾರ್ಡ್ (ಕೆಲಸದ ಆಧಾರದ ಮೇಲೆ ಸಿಗುವ ಕಾಯಂ ವಾಸದ ಪರವಾನಗಿ) ದಾರಿಯಲ್ಲಿ. ಅದರಲ್ಲಿ ಭಾರತದವರು ವರ್ಷಗಟ್ಟಲೆ ಕಾಯಬೇಕು. ಇಂಗ್ಲಿಷ್ ಪರೀಕ್ಷೆ, ನಮ್ಮ ಓದು-ಲೈಸೆನ್ಸ್ ಪರಿಶೀಲಿಸಿ ವೀಸಾಗೆಂದು ಕೊಡುವ ವೀಸಾಸ್ಕ್ರೀನ್ ಸರ್ಟಿಫಿಕೇಟ್ ಬೇರೆ. ಸ್ಪಾನ್ಸರ್ ಮಾಡಿದವರು ಎರಡು-ಮೂರು ವರ್ಷಕ್ಕೆ ಸಹಿ ಹಾಕಿಸಿಕೊಳ್ಳುವುದು ಮಾಮೂಲು. ಊರೂರು ಸುತ್ತುವುದು ಅದಾದ ಮೇಲಿನ ಮಾತು. ನಾನೇ ಕೆದಕಿ ಕೇಳುವ ತನಕ ಮೇಡಂ ಈ ಕಾಯುವ ವಿಷಯ ಎತ್ತಲೇ ಇಲ್ಲ.

ಇನ್ನು ದುಡ್ಡು. ಪರೀಕ್ಷೆ ಫೀ ಪ್ಯಾಕೇಜ್‌ನಲ್ಲೇ ಸೇರಿದೆಯಂತೆ. ಯಾವುದಕ್ಕೆ ಎಷ್ಟು ಅಂತ ಬರೆದು ಕೊಡಿ ಅಂದರೆ ಕೊಡಲಿಲ್ಲ. ಫೀ 200 ಡಾಲರ್, ನಮ್ಮ ದೇಶದಲ್ಲೇ ಕೂತು ಬರೆಯೋಕೆ ಇನ್ನೂ 150 ಡಾಲರ್, ಮೇಲೆ ತೆರಿಗೆ. ಪರೀಕ್ಷೆ ನಡೆಸುವ ಕಂಪನಿ ಪಿಯರ್ಸನ್ ವ್ಯೂ ವೆಬ್‌ಸೈಟ್‌ನಲ್ಲಿ ನಾವೇ ಕಟ್ಟಬಹುದು, ಅದಕ್ಕೆ ಯಾರ ಕೈ ಕಾಲೂ ಹಿಡಿಯಬೇಕಿಲ್ಲ. ಬೆಳಗಾವಿಯಲ್ಲಿ ಪರೀಕ್ಷಾ ಕೇಂದ್ರ ಇಲ್ಲ, ಬೆಂಗಳೂರಿಗೆ ಹೋಗಬೇಕು. ಸಂಜೆ ರಾಣಿ ಚನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಇಳಿಯಬಹುದು, ಆದರೆ ನಿದ್ದೆಗೆಟ್ಟು ಐದು ಗಂಟೆ ಕೂರುವುದು ಬೇಡ. ಒಂದು ದಿನ ಮುಂಚೆ ಹೋಗಿ.

ಪಾಠಕ್ಕೆ ನಾಲ್ಕು ಸ್ಟಾರ್, ಪಕ್ಕದ ರೂಮಿಗೆ ಒಂದು. ಕ್ಲಾಸ್ ಫೀ ಮಾತ್ರ ಕಟ್ಟಿ, ರಸೀದಿ ಇಸ್ಕೊಳ್ಳಿ. ಭಾನುವಾರದ ಮಾಕ್ ಟೆಸ್ಟ್‌ಗೆ ಬೇಗ ಹೋಗಿ ಒಳಗಿನ ಸಾಲು ಹಿಡಿಯಿರಿ. ಕಿಟಕಿ ಕಡೆಯ ಕಂಪ್ಯೂಟರ್‌ಗಳಿಗೆ ಯುಪಿಎಸ್ ಇಲ್ಲ, ಕರೆಂಟ್ ಹೋದರೆ ಟೆಸ್ಟ್ ಮೊದಲಿನಿಂದ ಶುರು.