ಮೀಡಿವಲ್ ಡೈನಸ್ಟಿ: ದುಡಿಮೆ ಇದೆ, ಮುಯ್ಯಿ ಇಲ್ಲ

ಮೀಡಿವಲ್ ಡೈನಸ್ಟಿ ಎಂಬ ಈ ಕಂಪ್ಯೂಟರ್ ಆಟದಲ್ಲಿ ಒಂದು ಅಂಗಿ ತೊಡಬೇಕಾದರೆ ವಸಂತದಲ್ಲಿ ಅಗಸೆ ಬಿತ್ತಬೇಕು. ಅದಕ್ಕೂ ಮೊದಲು ಹೊಲಕ್ಕೆ ಗೊಬ್ಬರ ಹಾಕಿ, ಗುದ್ದಲಿಯಿಂದ ಮಣ್ಣು ಸಡಿಲಿಸಿರಬೇಕು. ಬೇಸಿಗೆಯಲ್ಲಿ ಪೈರು ಕೊಯ್ದು, ಕೊಟ್ಟಿಗೆಯಲ್ಲಿ ಬಡಿದು ಕಾಂಡವನ್ನೂ ಬೀಜವನ್ನೂ ಬೇರೆ ಮಾಡಿ, ಕಾಂಡದಿಂದ ನೂಲು ತೆಗೆದು, ನೂಲಿನಿಂದ ಬಟ್ಟೆ ಮಾಡಿದ ಮೇಲೆಯೇ ಹೊಲಿಗೆಯ ಮಾತು. ಉತ್ತರ ಕರ್ನಾಟಕದ ಓದುಗರಿಗೆ ಅಗಸಿ ಎಂದರೆ ರೊಟ್ಟಿಯ ಜೊತೆಯ ಹಿಂಡಿ ನೆನಪಾಗುತ್ತದೆ. ನಾವು ಬೀಜಕ್ಕಾಗಿ ಬೆಳೆಯುವ ಗಿಡವನ್ನೇ ಯುರೋಪಿನ ರೈತ ನಾರಿಗಾಗಿ ಬೆಳೆಯುತ್ತಿದ್ದನೆಂಬುದನ್ನು ನಾನು ಕೈಯಾರೆ ಮಾಡಿ ತಿಳಿದದ್ದು ಈ ಆಟದಲ್ಲಿಯೇ.

ಪೋಲೆಂಡಿನ ರೆಂಡರ್ ಕ್ಯೂಬ್ ರೂಪಿಸಿ, ಟಾಪ್ಲಿಟ್ಸ್ ಪ್ರೊಡಕ್ಷನ್ಸ್ ಪ್ರಕಟಿಸಿದ ‘ಮೀಡಿವಲ್ ಡೈನಸ್ಟಿ’ 2020ರ ಸೆಪ್ಟೆಂಬರಿನಲ್ಲಿ ಅರ್ಲಿ ಆಕ್ಸೆಸ್ ರೂಪದಲ್ಲಿ, ಅಂದರೆ ಇನ್ನೂ ತಯಾರಾಗುತ್ತಿರುವಾಗಲೇ ಆಟಗಾರರ ಕೈಗೆ ಕೊಡುವ ರೂಪದಲ್ಲಿ, ಹೊರಬಂದು, 2021ರ ಸೆಪ್ಟೆಂಬರಿನಲ್ಲಿ ಪೂರ್ಣ ಆವೃತ್ತಿಯನ್ನು ಕಂಡಿತು. ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡ ರಾಸಿಮಿರ್ ಎಂಬ ಹದಿನೆಂಟರ ಹುಡುಗ ಚಿಕ್ಕಪ್ಪನನ್ನು ಹುಡುಕಿಕೊಂಡು ಒಂದು ಕಣಿವೆಗೆ ಬರುತ್ತಾನೆ. ಚಿಕ್ಕಪ್ಪ ತೀರಿಹೋಗಿರುವ ಸುದ್ದಿಯನ್ನು ಗೊಸ್ತೋವಿಯಾ ಎಂಬ ಊರಿನ ಅಧಿಕಾರಿ ಉನಿಯೆಗೋಸ್ತ್ ತಿಳಿಸಿ, ಬೇಕಾದ ಜಾಗದಲ್ಲಿ ನೆಲೆಸಲು ಅನುಮತಿ ಕೊಡುತ್ತಾನೆ. ಅಲ್ಲಿಂದ ಕಲ್ಲು, ಕಡ್ಡಿ ಆಯ್ದು ಕೊಡಲಿ ಕಟ್ಟುವುದು, ಮರ ಕಡಿದು ಗುಡಿಸಲು ಎಬ್ಬಿಸುವುದು, ಜನರನ್ನು ಕರೆತಂದು ಊರು ಮಾಡುವುದು, ಮದುವೆಯಾಗಿ ಮಗನಿಗೆ ಆ ಊರನ್ನು ಬಿಟ್ಟುಹೋಗುವುದು, ಇಷ್ಟೇ ಕಥೆ. ದೊಡ್ಡ ಯುದ್ಧಗಳಿಲ್ಲ, ಮಾಯಾಮಂತ್ರಗಳಿಲ್ಲ. ಮೊದಲ ಮನೆಯ ಗೋಡೆಗೆ ಕೊನೆಯ ಮರದ ದಿಮ್ಮಿಯನ್ನು ಕೂರಿಸಿ, ಒಳಗೆ ಹೋಗಿ ಬೆಂಕಿ ಹೊತ್ತಿಸಿದಾಗ ಸಿಗುವ ತೃಪ್ತಿ ಎಷ್ಟೋ ಯುದ್ಧದ ಆಟಗಳ ಗೆಲುವಿನಲ್ಲಿ ನನಗೆ ಸಿಕ್ಕಿಲ್ಲ.

ಕೈಕೆಲಸವನ್ನು ಇಷ್ಟು ಶ್ರದ್ಧೆಯಿಂದ ಚಿತ್ರಿಸಿರುವುದರಿಂದಲೇ ಆಟದ ದೊಡ್ಡ ಕೊರತೆ ಎದ್ದು ಕಾಣುತ್ತದೆ. ಇಲ್ಲಿ ಯಾರೂ ಯಾರ ಹಂಗಿನಲ್ಲೂ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯಿದೆ: ಈ ದಿನ ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು ಬಂದರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯವರು ಬರಬೇಕು, ನಡುವೆ ಕೂಲಿಯ ಮಾತೇ ಇಲ್ಲ. ಮಧ್ಯಯುಗದ ಯುರೋಪಿನ ರೈತರ ಬದುಕೂ ಇಂಥದೇ ಹೊಂದಾಣಿಕೆಯ ಮೇಲೆ ನಿಂತಿತ್ತು. ಭಾರದ ನೇಗಿಲನ್ನು ಎಳೆಯಲು ಎಂಟು ಎತ್ತುಗಳವರೆಗೆ ಬೇಕಾಗುತ್ತಿದ್ದುದರಿಂದ, ಅಷ್ಟು ಎತ್ತು ಒಂದೇ ಮನೆಯಲ್ಲಿ ಇರುವುದು ಅಪರೂಪವಾಗಿ, ಹಲವು ಮನೆಗಳವರು ತಮ್ಮ ಎತ್ತುಗಳನ್ನು ಕೂಡಿಸಿ ಉಳುತ್ತಿದ್ದರು. ಆಟದಲ್ಲಾದರೋ ರಾಸಿಮಿರ್ ಒಬ್ಬನೇ ಗುದ್ದಲಿ ಹಿಡಿದು ಹೊಲವನ್ನೆಲ್ಲ ಹದಮಾಡಬಲ್ಲ. ಅವನು ಹುಡುಕಿ ತಂದ ಜನರು ಅವನಿಗೆ ನೆರೆಹೊರೆಯವರಾಗುವುದಿಲ್ಲ; ನಿರ್ವಹಣೆಯ ಪರದೆಯಲ್ಲಿ ಊಟ, ಸೌದೆ, ಮನಸ್ಥಿತಿ ಎಂಬ ಸಂಖ್ಯೆಗಳಾಗುತ್ತಾರೆ. ಊಟವೋ ಸೌದೆಯೋ ಕಡಿಮೆಯಾದರೆ ಮುನಿಯುತ್ತಾರೆ, ಮುನಿಸು ಹೆಚ್ಚಾದರೆ ಊರು ಬಿಡುತ್ತಾರೆ. ಆಟವನ್ನು ಸುಧಾರಿಸಲು ನನಗೆ ತೋಚುವ ಸಲಹೆಗಳೆಲ್ಲ ಈ ಒಂದು ಕೊರತೆಯಿಂದಲೇ ಹುಟ್ಟಿದವು.

ಮೊದಲನೆಯದಾಗಿ, ಕೊಯ್ಲು ಊರಿನವರೆಲ್ಲ ಸೇರಿ ಮಾಡುವ ಕೆಲಸವಾಗಬೇಕು. ಒಂದು ಋತುವಿಗೆ ಆಟ ಕೊಡುವುದು ಸಾಮಾನ್ಯವಾಗಿ 3 ದಿನ. ಬೇಕಾದವರು ಅದನ್ನು ಹೆಚ್ಚಿಸಿಕೊಳ್ಳಬಹುದು. ಅಷ್ಟರಲ್ಲಿ ಪೈರು ಮನೆ ಸೇರದಿದ್ದರೆ ನಷ್ಟ. ಈ ಒತ್ತಡ ಒಳ್ಳೆಯದು, ಆದರೆ ಇದಕ್ಕೆ ಈಗಿರುವ ಉತ್ತರ ಕೊಟ್ಟಿಗೆಗೆ ಇನ್ನಿಬ್ಬರು ಆಳುಗಳನ್ನು ನೇಮಿಸುವುದು ಮಾತ್ರ. ಪಕ್ಕದ ಊರಿಗೆ ಹೋಗಿ ನಾಲ್ಕು ಜನರ ಸಹಾಯ ಕೇಳುವ, ಪ್ರತಿಯಾಗಿ ಅವರ ಚಾವಣಿ ಕೆಲಸಕ್ಕೆ ಎರಡು ದಿನ ಹೋಗುವ, ಹೋಗದೆ ತಪ್ಪಿಸಿಕೊಂಡರೆ ಮುಂದಿನ ವರ್ಷ ಯಾರೂ ಬಾಗಿಲು ತೆರೆಯದಿರುವ ವ್ಯವಸ್ಥೆಯೊಂದಿದ್ದರೆ, ಆಟದಲ್ಲಿ ಈಗಾಗಲೇ ಇರುವ ‘ವಂಶದ ಕೀರ್ತಿ’ ಎಂಬ ಅಂಕಕ್ಕೆ ಜೀವ ಬರುತ್ತದೆ. ಇದು ಅಸಾಧ್ಯವೇನಲ್ಲ ಎಂಬುದಕ್ಕೆ 2023ರ ಡಿಸೆಂಬರಿನಲ್ಲಿ ಆಕ್ಸ್‌ಬೋ ಎಂಬ, ಆಟ ನಡೆಯುವ ಹೊಸ ಪ್ರದೇಶದ ನಕಾಶೆಯೊಂದಿಗೆ ಸೇರಿದ, 4 ಜನರವರೆಗೆ ಕೂಡಿ ಆಡುವ ಸೌಲಭ್ಯವೇ ಸಾಕ್ಷಿ. ಗೆಳೆಯರ ಜೊತೆ ಆಡುವಾಗ ಒಬ್ಬ ಹೊಲ ನೋಡಿಕೊಂಡರೆ ಇನ್ನೊಬ್ಬ ಬೇಟೆಗೆ ಹೋಗುತ್ತಾನೆ. ಸೌದೆ ತರದೆ ಅಲೆದಾಡಿ ಬಂದವನಿಗೆ ಬೈಗುಳವೂ ಸಿಗುತ್ತದೆ. ಒಬ್ಬನೇ ಆಡುವಾಗ ಆ ಬೈಗುಳದ ಸುಖ ಇಲ್ಲ.

ಹೊಲದ ವಿಷಯಕ್ಕೆ ಬಂದರೆ, ಮಣ್ಣಿಗೆ ಆಯಾಸವೆಂಬುದೇ ಇಲ್ಲದಿರುವುದು ರೈತರ ಮನೆಯಲ್ಲಿ ಬೆಳೆದವರಿಗೆ ಕೂಡಲೇ ಕಾಣುತ್ತದೆ. ಗೊಬ್ಬರ ಬಿದ್ದರಾಯಿತು, ಅದೇ ಹೊಲದಲ್ಲಿ ವರ್ಷವರ್ಷವೂ ಅದೇ ಬೆಳೆ. ಮಧ್ಯಯುಗದ ಯುರೋಪಿನ ಬಹುಭಾಗದಲ್ಲಿ ರೂಢಿಗೆ ಬಂದ ಮೂರು ಹೊಲಗಳ ಪದ್ಧತಿಯಲ್ಲಿ ಒಂದು ಭಾಗಕ್ಕೆ ಚಳಿಗಾಲಕ್ಕೆ ಮುನ್ನ ಗೋಧಿ ಅಥವಾ ರೈ, ಇನ್ನೊಂದಕ್ಕೆ ವಸಂತದಲ್ಲಿ ಓಟ್ಸ್, ಬಾರ್ಲಿ ಅಥವಾ ಬಟಾಣಿಯಂಥ ಕಾಳು ಬಿತ್ತಿ, ಮೂರನೆಯದನ್ನು ಬೀಳು ಬಿಟ್ಟು ದನ ಮೇಯಿಸುತ್ತಿದ್ದರು. ರಾಗಿಯ ನಡುವೆ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಇಟ್ಟು ನೆಲದ ಸತ್ವ ಕಾಯ್ದುಕೊಂಡ ನಮ್ಮ ಹಿರಿಯರಿಗೆ ಇದರ ತರ್ಕ ಹೇಳಿಕೊಡಬೇಕಾಗಿಲ್ಲ. ಬೀಳು ಬಿಡುವ ನಿಯಮ ಬಂದರೆ ಹೊಲ ಎಷ್ಟು ದೊಡ್ಡದಿರಬೇಕು, ದನ ಎಷ್ಟಿರಬೇಕು, ಕುರಿ ಎಲ್ಲಿ ಮೇಯಬೇಕು ಎಂಬ ಲೆಕ್ಕಗಳೆಲ್ಲ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಂದ ಹಾಗೆ ಆಲೂಗಡ್ಡೆಯನ್ನು ಇಲ್ಲಿ ಸೇರಿಸದೆ ಇರುವುದಕ್ಕೆ ತಯಾರಕರನ್ನು ಮೆಚ್ಚಬೇಕು. ಕೊಲಂಬಸನ ನಂತರ ಹಳೆಯ ಜಗತ್ತಿಗೆ ಬಂದ ಗೆಡ್ಡೆ ಅದು. ನಮ್ಮ ಮೆಣಸಿನಕಾಯಿಯೂ ಹಾಗೆಯೇ.

ಚಳಿಗಾಲ ಈ ಆಟದ ಅತ್ಯಂತ ಸುಂದರವಾದ ಮತ್ತು ಅತ್ಯಂತ ಖಾಲಿಯಾದ ಋತು. ಹಿಮ ಬಿದ್ದ ಮೇಲೆ ಹೊಲದಲ್ಲಿ ಕೆಲಸವಿಲ್ಲ. ಬೇಟೆಗೆ ಹೋಗಬಹುದು, ಗಣಿಗೆ ಹೋಗಬಹುದು, ಇಲ್ಲವೇ ಮಲಗಿ ದಿನ ಕಳೆಯಬಹುದು. ಅಗಸೆಯ ನಾರು ತೆಗೆಯುವ ಕೆಲಸ ನಿಜದಲ್ಲಿ ಬಹಳ ಉದ್ದವಾದದ್ದು. ಕಾಂಡವನ್ನು ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಸಿ, ಒಣಗಿಸಿ, ಮುರಿದು, ಬಾಚಿ, ಕೊನೆಗೆ ನೂಲಬೇಕು. ಇವುಗಳಲ್ಲಿ ಕೆಲವನ್ನಾದರೂ ಚಳಿಗಾಲದ ಸಂಜೆಗೆ ಇಟ್ಟು, ಒಂದು ಮನೆಯ ಒಲೆಯ ಸುತ್ತ ನಾಲ್ಕು ಮನೆಯವರು ಕುಳಿತು ನೂಲುವಂತೆ ಮಾಡಿದರೆ, ಈಗ ಒಂದೇ ಬಗೆಯ ನಾಲ್ಕು ವಾಕ್ಯಗಳನ್ನು ಒಪ್ಪಿಸುವ ಜನರಿಗೆ ಮಾತನಾಡಲು ವಿಷಯವೂ ಸಿಗುತ್ತದೆ. ಕೆಲಸದ ಹಂತಗಳು ಹೆಚ್ಚಾದರೆ ಬೇಸರವಾಗುತ್ತದೆ ಎನ್ನುವವರ ಮಾತು ತಳ್ಳಿಹಾಕುವಂಥದಲ್ಲ. ಬೇಸಿಗೆಯ ಓಡಾಟದಲ್ಲಿ ನಾನೂ ಇನ್ನೊಂದು ಹಂತವನ್ನು ಸಹಿಸಲಾರೆ.

ಪ್ರತಿ ವಸಂತದಲ್ಲಿ ಉನಿಯೆಗೋಸ್ತನಿಗೆ ಒಪ್ಪಿಸುವ ಕಂದಾಯವನ್ನು ನಾಣ್ಯದ ಬದಲು ಧಾನ್ಯ, ಜೇನು, ತುಪ್ಪಳಗಳ ರೂಪದಲ್ಲಿ ಕೊಡುವ ಅವಕಾಶವಿದ್ದರೆ ಚೆನ್ನು. ಪೋಲೆಂಡಿನಂಥ ಸ್ಲಾವ್ ನಾಡುಗಳಲ್ಲಿ ಅಂಥ ಕಾಣಿಕೆಗಳು ರೂಢಿಯಲ್ಲಿದ್ದವು. ಹಾಗೆಯೇ ಬೇಟೆಗೂ ಒಂದು ಕಟ್ಟಳೆ ಬೇಕು. ನಮ್ಮ ಕಾಟಿಯ ದೂರದ ಸಂಬಂಧಿಯಾದ ಯುರೋಪಿನ ಕಾಡುಕೋಣವನ್ನು ಆಟಗಾರ ಯಾರನ್ನೂ ಕೇಳದೆ ಕೆಡವಿ, ಮಾಂಸ ಮತ್ತು ತೊಗಲಿನಿಂದ ಶ್ರೀಮಂತನಾಗಬಹುದು. ಮಧ್ಯಯುಗದ ಪೋಲೆಂಡಿನಲ್ಲಿ ಇಂಥ ದೊಡ್ಡ ಪ್ರಾಣಿಗಳ ಬೇಟೆ ಬಹುಮಟ್ಟಿಗೆ ಅರಸರ ಹಕ್ಕಾಗಿತ್ತು. ಹಸಿದ ಊರಿಗಾಗಿ ಕದ್ದು ಬೇಟೆಯಾಡುವುದೋ, ಅಧಿಕಾರಿಯ ಕೃಪೆ ಉಳಿಸಿಕೊಳ್ಳುವುದೋ ಎಂಬ ಇಕ್ಕಟ್ಟು ಎದುರಾದರೆ, ‘ಹತ್ತು ಹಲಗೆ ತಂದುಕೊಡು’ ಎಂಬಂಥ ಈಗಿನ ಸಣ್ಣ ಕೆಲಸಗಳಿಗಿಂತ ಎಷ್ಟೋ ಒಳ್ಳೆಯ ಕಥೆಗಳು ತಾವಾಗಿಯೇ ಹುಟ್ಟುತ್ತವೆ.

ಮದುವೆಯ ವಿಷಯದಲ್ಲಿ ಆಟ ತೀರ ಅವಸರದ್ದು. ಸರಿಯಾದ ಹೊಗಳಿಕೆಯನ್ನು ಆರಿಸುತ್ತ ಹೋದರೆ ಹುಡುಗಿ ಒಪ್ಪುತ್ತಾಳೆ; ತಪ್ಪು ಮಾತು ಆರಿಸಿದರೆ ಒಲವು ಇಳಿಯುತ್ತದೆ. ಅವಳಿಗೆ ತಂದೆ, ತಾಯಿ, ಅಣ್ಣ ಇದ್ದಾರೋ ಇಲ್ಲವೋ ಯಾರೂ ಕೇಳುವುದಿಲ್ಲ. ಊರಿನ ಉಳಿದವರ ಪಾಡು ಇನ್ನೂ ತಮಾಷೆಯದು: ಒಬ್ಬ ಗಂಡನ್ನೂ ಒಬ್ಬ ಹೆಣ್ಣನ್ನೂ ಒಂದೇ ಮನೆಗೆ ಹಾಕಿದರೆ ಸಂಸಾರವಾಯಿತು, ಅಂದರೆ ಮನೆ ಹಂಚುವವನೇ ಮದುವೆ ದಲ್ಲಾಳಿ. ಎರಡು ಕುಟುಂಬಗಳ ನಡುವಿನ ಮಾತುಕತೆ, ಕೊಡುವ ದನ, ಮುಂದೆ ಆ ಬೀಗರ ಊರಿನಿಂದ ಸಿಗುವ ನೆರವು, ಇವು ಸೇರಿದರೆ ಮದುವೆಗೂ ಕೊಯ್ಲಿಗೂ ಸಂಬಂಧ ಬೆಳೆಯುತ್ತದೆ.

ಇಷ್ಟೆಲ್ಲ ಹೇಳಿದರೂ, ನಿಧಾನದ ಆಟ ಇಷ್ಟಪಡುವವರು ಇದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಮೊದಲ ಎರಡು ವರ್ಷಗಳ, ಅಂದರೆ ಆಟದ 24 ದಿನಗಳ ಅನುಭವಕ್ಕೇ ಕೊಟ್ಟ ಹಣ ಸಾರ್ಥಕ. ಓಡುವ, ಹೊಡೆದಾಡುವ ಆಟ ಬೇಕೆನ್ನುವವರಿಗೆ ಇದು ಹಿಡಿಸದು. ನನ್ನ ಅತೃಪ್ತಿ ಶುರುವಾಗುವುದು ಬಹಳ ಮುಂದೆ, ಮಗ ಬೆಳೆದು ನಿಂತಾಗ. ಋತುವಿಗೆ 3 ದಿನದಂತೆ ಲೆಕ್ಕ ಹಾಕಿದರೆ ಮಗನಿಗೆ ಹದಿನೆಂಟು ತುಂಬಲು 216 ದಿನ ಕಾಯಬೇಕು, ಅಷ್ಟು ಕಾಲ ಪೋಷಿಸಿದ ಊರು ಕೊನೆಗೆ ಅವನ ಕೈಗೆ ಬರುತ್ತದೆ. ಬರುವುದು ಉಗ್ರಾಣ, ಹೊಲ, ಕೊಟ್ಟಿಗೆ ಮತ್ತು ಕೀರ್ತಿಯ ಅಂಕ. ಅಪ್ಪ ಯಾರ ಮನೆಗೆ ಎಷ್ಟು ದಿನದ ಮುಯ್ಯಿ ಬಾಕಿ ಉಳಿಸಿ ಹೋದ, ಯಾರು ಇನ್ನೂ ಅವನಿಗೆ ತೀರಿಸಬೇಕಿತ್ತು ಎಂಬ ಪಟ್ಟಿಯೂ ಅದೇ ಪರದೆಯ ಮೇಲೆ ಕಾಣುವಂತೆ ಮಾಡಬೇಕೆಂಬುದು ತಯಾರಕರಲ್ಲಿ ನನ್ನ ಕೊನೆಯ ಕೋರಿಕೆ.