ಅಂಟಾರ್ಕ್ಟಿಕಾ ಹಡಗಿಗೆ ದಾವಣಗೆರೆಯಲ್ಲಿ ತಯಾರಿ: ಯಾವುದು ಗೆದ್ದಿತು, ಯಾವುದು ಸೋತಿತು

ಅಂಟಾರ್ಕ್ಟಿಕಾಗೆ ಹೊರಟಿದ್ದೀವಿ ಅಂದರೆ ನಮ್ಮ ಬೀದಿಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ರೀ, ಆ ಚಳಿ ತಡ್ಕಂತೀರಾ?" ನಾವು ಹೋಗುವುದು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಬೇಸಿಗೆ. ಉಷ್ಣಾಂಶ ಸೊನ್ನೆಯ ಆಚೀಚೆ ಇರುತ್ತದೆ. ಅಲ್ಲಿ ಕಾಡುವುದು ಚಳಿಗಿಂತ ಜಾಸ್ತಿ ಗಾಳಿ, ನೀರು ಮತ್ತು ನಮ್ಮದೇ ಬೆವರು. ಅದಕ್ಕೆ ಕೆಲವು ಸಾಮಾನು ಕೊಂಡು, ಕೆಲವು ಎರವಲು ತಂದು, ನಾನು ಮತ್ತು ನಮ್ಮ ಯಜಮಾನರು ಇಲ್ಲೇ ಪರೀಕ್ಷೆ ಮಾಡಿ ನೋಡಿದೆವು. ಇಬ್ಬರಿಗೂ ಅರವತ್ತು ದಾಟಿದೆ.

ಚಿಕ್ಕ ಹಡಗು ಆರಿಸಿದ್ದಕ್ಕೇ ಇಷ್ಟೆಲ್ಲ ತಯಾರಿ. ಅಲ್ಲಿ ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಪ್ರಯಾಣಿಕರು ಮಾತ್ರ ದಡಕ್ಕೆ ಇಳಿಯಬಹುದು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ಇಳಿಯುವಂತಿಲ್ಲ. ಚಿಕ್ಕ ಹಡಗಿನವರಿಗೆ ಸರದಿ ಕಾಯುವುದು ಕಡಿಮೆ, ಹೊರಗೆ ಇರುವುದು ಜಾಸ್ತಿ.

ಮೊದಲು ಮೈಗೆ ಅಂಟುವ ಬಟ್ಟೆ. ಹತ್ತಿ ಬನಿಯನ್, ಪಾಲಿಯೆಸ್ಟರ್ ಥರ್ಮಲ್, ಮೆರಿನೊ ಎಂಬ ಜಾತಿಯ ಕುರಿಯ ಉಣ್ಣೆಯ ಥರ್ಮಲ್, ಮೂರನ್ನೂ ಮಳೆಗಾಲದಲ್ಲಿ ಚಿತ್ರದುರ್ಗದ ಜೋಗಿಮಟ್ಟಿಗೆ ಒಯ್ದೆವು. ಗಾಳಿ ಹೇಗಿರುತ್ತದೆ ಅಂತ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. ಜೋರಾಗಿ ಏರಿ, ಬೆವರಿ, ಮೇಲೆ ಸುಮ್ನೆ ನಿಲ್ಲುವುದು. ಇಷ್ಟೇ ಪರೀಕ್ಷೆ. ಹತ್ತಿಯದು ಬೆನ್ನಿಗೆ ಅಂಟಿಕೊಂಡು ನಡುಕ ಹುಟ್ಟಿಸಿತು. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಿನವಳಾಗಿ ಹೇಳಲು ಬೇಜಾರು, ಆದರೆ ಹತ್ತಿ ಬೇಡವೇ ಬೇಡ. ಪಾಲಿಯೆಸ್ಟರ್ ಬೇಗ ಒಣಗಿತು, ಆದರೆ ಒಣಗುವ ತನಕ ಚಳಿ ಬಿಡಲಿಲ್ಲ. ಸಂಜೆಗೆ ವಾಸನೆ ಬೇರೆ. ಮೆರಿನೊ ಒದ್ದೆಯಾಗಿಯೇ ಇತ್ತು, ಆದರೂ ಬೆಚ್ಚಗಿತ್ತು. ಕುರಿ ಕಾಯುವವರು ಜಿಟಿಜಿಟಿ ಮಳೆಯಲ್ಲೂ ಕಂಬಳಿ ಹೊದ್ದು ನಿಲ್ಲುತ್ತಾರಲ್ಲ, ಅದೇ ಗುಣ. ಚಳ್ಳಕೆರೆ ಕಂಬಳಿಯ ಉಣ್ಣೆ ಒರಟು, ಬರೀ ಮೈಗೆ ಚುಚ್ಚುತ್ತದೆ. ಮೆರಿನೊ ಎಳೆ ತುಂಬಾ ಸಣ್ಣದು, ಚುಚ್ಚುವುದಿಲ್ಲ.

ಬೆಲೆ ಮಾತ್ರ ಪಾಲಿಯೆಸ್ಟರ್‌ನ ಮೂರ್ನಾಲ್ಕು ಪಟ್ಟು. ಐಷಾರಾಮಿ ಹಡಗಿನಲ್ಲಿ ಬಟ್ಟೆ ಒಗೆದು ಕೊಡುತ್ತಾರೆ, ಹಾಗಾಗಿ ವಾಸನೆಯ ತಕರಾರು ಅಲ್ಲಿ ನಿಲ್ಲುವುದಿಲ್ಲ. ಕೊನೆಗೆ ಎದೆ ಬೆನ್ನಿಗೆ ಮೆರಿನೊ, ಕಾಲಿಗೆ ಪಾಲಿಯೆಸ್ಟರ್ ಎಂದು ತೀರ್ಮಾನ ಮಾಡಿದೆವು. ದಪ್ಪ ಜಾಕೆಟ್ ನಾವು ಕೊಳ್ಳಲೇ ಇಲ್ಲ. ಅದನ್ನು ಹಡಗಿನವರೇ ಕೊಡುತ್ತಾರೆ. ಅಂಗಡಿಯವರ ಮಾತು ಕೇಳಿ ಅದಕ್ಕೇ ದುಡ್ಡು ಸುರಿಯುವವರು ಮೊದಲು ತಮ್ಮ ಟಿಕೆಟ್ಟಿನಲ್ಲಿ ಏನೇನು ಸೇರಿದೆ ಅಂತ ಓದಲಿ.

ಗ್ಲೌಸಿಗೆ ಬೇರೆ ಜಾಗ ಬೇಕಾಯಿತು. ಪರಿಚಯದವರ ಐಸ್‌ಕ್ರೀಂ ಗೋದಾಮಿನಲ್ಲಿ ಮೈನಸ್ 18 ಡಿಗ್ರಿ ಇರುತ್ತದೆ. ಅವರು ನಗುತ್ತಲೇ ಒಳಗೆ ಬಿಟ್ಟರು. ಒಂದೇ ದಪ್ಪ ಗ್ಲೌಸು ಹಾಕಿಕೊಂಡರೆ ಕೈ ಬೆಚ್ಚಗಿತ್ತು, ಆದರೆ ಕ್ಯಾಮೆರಾದ ಗುಂಡಿ ಒತ್ತಲು ಆಗಲಿಲ್ಲ. ಬಿಚ್ಚಿದರೆ ಬರಿಗೈ. ತೆಳ್ಳನೆಯ ಗ್ಲೌಸಿನ ಮೇಲೆ ನಾಲ್ಕು ಬೆರಳು ಒಟ್ಟಿಗೆ ಕೂರುವ ಚೀಲದಂಥದ್ದು ಹಾಕಿದರೆ ಎರಡೂ ಕೆಲಸ ಆಯಿತು. ಮೇಲಿನದು ತೆಗೆದು ಫೋಟೋ ಹೊಡೆದು ಮತ್ತೆ ತೂರಿಸಿಕೊಂಡರೆ ಬೆರಳುಗಳು ಒಂದನ್ನೊಂದು ಕಾಯಿಸುತ್ತವೆ. ಕ್ಯಾಮೆರಾವನ್ನು ಹೊರಗೆ ತಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂತಿತು. ಒಳಗೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ ತಂದರೆ ತೊಂದರೆ ಇಲ್ಲ.

ಮಳೆ ಪ್ಯಾಂಟಿನಲ್ಲಿ ಅಗ್ಗದ್ದೇ ಗೆದ್ದಿತು. ಬೈಕ್ ಸವಾರರು ಹಾಕುವಂಥದ್ದಕ್ಕೂ ಟ್ರೆಕ್ಕಿಂಗಿನ ದುಬಾರಿ ಪ್ಯಾಂಟಿಗೂ ಅಂಗಳದಲ್ಲಿ ಪೈಪಿನಿಂದ ನೀರು ಹೊಡೆದೆವು. ಎರಡರೊಳಗೂ ನೀರು ಬರಲಿಲ್ಲ. ಅಗ್ಗದ್ದರಲ್ಲಿ ನಡೆದರೆ ಬೆವರು ನಿಲ್ಲುತ್ತದೆ, ನಿಜ. ಆದರೆ ಜೋಡಿಯಾಕ್ ಎಂಬ ರಬ್ಬರ್ ದೋಣಿಯ ಅಂಚಿನಲ್ಲಿ ಕೂತೇ ಇರುವಾಗ ಬೆವರು ಎಲ್ಲಿಂದ ಬರಬೇಕು? ದಿಬ್ಬ ಹತ್ತುವ ಆಸೆ ಇರುವವರು ದುಬಾರಿಯದು ಕೊಳ್ಳಲಿ. ಯಾವುದಾದರೂ ಸರಿ, ಪ್ಯಾಂಟಿನ ತುದಿ ಗಂಬೂಟಿನ ಹೊರಗೆ ಇಳಿಯಬೇಕು. ಇಲ್ಲದಿದ್ದರೆ ದೋಣಿಯಿಂದ ದಡಕ್ಕೆ ಇಳಿಯುವಾಗ ಅಲೆಯ ನೀರು ಬೂಟಿನೊಳಗೇ ಇಳಿಯುತ್ತದೆ.

ನಡೆಯುವ ಅಭ್ಯಾಸಕ್ಕೆ ದುರ್ಗದ ಕೋಟೆ ಮೆಟ್ಟಿಲಾ, ಭದ್ರಾ ನಾಲೆ ಬಯಲಿನ ಭತ್ತದ ಗದ್ದೆಯಾ? ಕೋಟೆ ದಮ್ಮು ಕಲಿಸಿತು. ಆದರೆ ಮೊಣಕಾಲುದ್ದದ ಗಂಬೂಟು ಹಾಕಿಕೊಂಡು, ಹಿಮದಲ್ಲಿ ಬೇಕಾಗುವ, ಹೂತ ಕಾಲನ್ನು ಕಿತ್ತು ಮುಂದಿಡುವ ಕೆಲಸ ಕಲಿಸಿದ್ದು ಗದ್ದೆಯ ಕೆಸರೇ. ನನ್ನ ಓಟು ಗದ್ದೆಗೆ.

ಗದ್ದೆಯ ಬದುವಿನಿಂದ ಬಂದ ಮೇಲೆ ನೋಡಿದರೆ ಸಾಕ್ಸ್ ತುಂಬ, ಜಾಕೆಟ್ಟಿನ ವೆಲ್ಕ್ರೋ ತುಂಬ ಉತ್ತರಾಣಿ ಬೀಜ! ಇದು ನಗುವ ವಿಷಯ ಅಲ್ಲ. ಹೊರಗಿನ ಬೀಜ ಅಲ್ಲಿಗೆ ಹೋಗಬಾರದು ಅಂತ ಹಡಗಿನಲ್ಲಿ ಬಟ್ಟೆ, ಚೀಲ ಎಲ್ಲವನ್ನೂ ತಪಾಸಣೆ ಮಾಡುತ್ತಾರೆ. ಅಲ್ಲಿನ ಕಿಂಗ್ ಜಾರ್ಜ್ ದ್ವೀಪದಲ್ಲಿ ಪೋವಾ ಆನುವಾ ಅನ್ನುವ ಹೊರಗಿನ ಹುಲ್ಲು ಆಗಲೇ ಬೇರು ಬಿಟ್ಟಿದೆ. ವೆಲ್ಕ್ರೋದ್ದು ಬಿಟ್ಟು ಜಿಪ್ಪಿನ ಬಟ್ಟೆ ಆರಿಸಿಕೊಂಡೆವು.

ಕೊನೆಯದು ಸಮುದ್ರದ ವಾಂತಿ. ಚಿಲಿ ದೇಶದ ಪುಂಟಾ ಅರೆನಾಸ್‌ನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆಯಲ್ಲಿ ಅಲ್ಲಿಗೆ ಹಾರಬಹುದು, ಆದರೆ ಹವಾಮಾನ ಒಪ್ಪಬೇಕು. ನಾನು ಅರ್ಜೆಂಟೀನಾದ ಉಶುವಾಯಾದಿಂದ ಹಡಗಿನಲ್ಲೇ ಹೋಗೋಣ ಅಂದೆ. ದಕ್ಷಿಣ ಅಮೆರಿಕಕ್ಕೂ ಅಂಟಾರ್ಕ್ಟಿಕಾಗೂ ನಡುವಿನ ಡ್ರೇಕ್ ಜಲಸಂಧಿ ದಾಟಲು ಸುಮಾರು ಎರಡು ದಿನ. ಯಜಮಾನರಿಗೆ ಬಸ್ಸಿನಲ್ಲೇ ತಲೆ ತಿರುಗುತ್ತದೆ. ಹಾಗಾಗಿ ಆಗುಂಬೆ ಘಾಟಿಯಲ್ಲಿ, ಹಿಂದಿನ ಸೀಟಿನಲ್ಲಿ, ಡಾಕ್ಟರನ್ನು ಕೇಳಿಕೊಂಡೇ ಪರೀಕ್ಷೆ ಮಾಡಿದೆವು. ಶುಂಠಿ ಮೊದಲ ತಿರುವುಗಳಿಗೆ ಸಾಕಾಯಿತು, ಆಮೇಲೆ ಕೈಕೊಟ್ಟಿತು. ವಾಂತಿ ತಡೆಯುವ ಮಾತ್ರೆಗಳಲ್ಲಿ ಪ್ರೊಮೆಥಜಿನ್ ನುಂಗಿದ ದಿನ ವಾಂತಿ ಇಲ್ಲ, ಆದರೆ ಉಡುಪಿ ಬಂದರೂ ಇವರಿಗೆ ಎಚ್ಚರ ಇಲ್ಲ. ಇನ್ನೊಂದು ಮಾತ್ರೆ ಸಿನ್ನಾರಿಜಿನ್‌ನಲ್ಲಿ ಸ್ವಲ್ಪ ಹೊಟ್ಟೆ ತೊಳಸಿತು, ಆದರೆ ಮಾತಾಡಿಕೊಂಡು ಕೂತಿದ್ದರು. ತೂಗಾಡುವ ಹಡಗಿನ ಮೆಟ್ಟಿಲ ಮೇಲೆ ತೂಕಡಿಸುವುದು ವಾಂತಿಗಿಂತ ಅಪಾಯ, ಅಲ್ವಾ? ಹೊರಡುವ ಮೊದಲೇ ಸಿನ್ನಾರಿಜಿನ್ ಶುರು, ತೀರಾ ಹಾಸಿಗೆ ಹಿಡಿದರೆ ಹಡಗಿನ ಡಾಕ್ಟರನ್ನು ಕೇಳಿ ಅದರ ಬದಲು ಪ್ರೊಮೆಥಜಿನ್. ಎರಡನ್ನೂ ಒಟ್ಟಿಗೆ ನುಂಗಬೇಡಿ ಅಂತ ನಮ್ಮ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರಂತೂ ಕೇಳದೆ ಯಾವುದನ್ನೂ ಮುಟ್ಟಬಾರದಂತೆ.