ಅಗ್ಗದ ಸಿಂಗಲ್ ಕಾಯಿಲ್ ಪಿಕಪ್‌ಗಳು: ದೀರ್ಘ ಬಳಕೆಯ ನಂತರದ ವಿಮರ್ಶೆ

ಎಲೆಕ್ಟ್ರಿಕ್ ಗಿಟಾರಿಗೆಂದು ಅಷ್ಟಾಗಿ ಹೆಸರಿಲ್ಲದ ತಯಾರಕರು ಮಾರುವ ಅಗ್ಗದ ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಒಂದೇ ಸುರುಳಿಯ ಸಾಧನಗಳು) ಎರಡು ಸೆಟ್‌ಗಳನ್ನು ಸ್ಟ್ರಾಟೊಕಾಸ್ಟರ್ ಮಾದರಿಯ ಒಂದೇ ಗಿಟಾರಿನಲ್ಲಿ ಕೆಲವು ವರ್ಷಗಳಿಂದ ಅದಲುಬದಲು ಮಾಡಿ ನುಡಿಸುತ್ತಿದ್ದೇನೆ. ಒಂದು ಸೆರಾಮಿಕ್ ಅಯಸ್ಕಾಂತದ್ದು, ಇನ್ನೊಂದು ಆಲ್ನಿಕೊ 5ರದ್ದು (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಅಯಸ್ಕಾಂತ ಮಿಶ್ರಲೋಹ). ತಂತಿಗಳ ದಪ್ಪ, ಕೇಬಲ್, ಆಂಪ್ಲಿಫೈಯರ್ ಯಾವುದನ್ನೂ ಬದಲಿಸದೆ ಹೋಲಿಸಿರುವುದರಿಂದ, ಕಿವಿಗೆ ಕೇಳಿದ ವ್ಯತ್ಯಾಸ ಪಿಕಪ್‌ಗಳದ್ದೇ ಎಂದು ಧೈರ್ಯವಾಗಿ ಹೇಳಬಲ್ಲೆ. ಆಲ್ನಿಕೊ ಸೆಟ್ಟನ್ನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಸೆರಾಮಿಕ್ ಸೆಟ್ ಒಂದು ಸ್ಥಾನದಲ್ಲಿ ಮಾತ್ರ ಅದಕ್ಕಿಂತ ಉತ್ತಮ.

1954ರಲ್ಲಿ ಫೆಂಡರ್ ಸಂಸ್ಥೆ ಸ್ಟ್ರಾಟೊಕಾಸ್ಟರನ್ನು ಹೊರತಂದಾಗ ಬಳಸಿದ ಪಿಕಪ್‌ನ ರಚನೆ ಬಹಳ ಸರಳವಾದದ್ದು: ಆರು ಆಲ್ನಿಕೊ ಕಡ್ಡಿಗಳು, ಅವುಗಳ ಸುತ್ತ ಸುಮಾರು 0.06 ಮಿಲಿಮೀಟರ್ ದಪ್ಪದ ಎನಾಮೆಲ್ ಲೇಪಿತ ತಾಮ್ರದ ತಂತಿಯ ಸುಮಾರು 8,000 ಸುತ್ತುಗಳು. ಇದರಲ್ಲಿ ದುಬಾರಿ ವಸ್ತು ಯಾವುದೂ ಇಲ್ಲ. ಆದ್ದರಿಂದಲೇ ಅಗ್ಗದ ಆಲ್ನಿಕೊ ಪಿಕಪ್ ಮೂಲ ವಿನ್ಯಾಸಕ್ಕೆ ಇಷ್ಟು ಹತ್ತಿರ ಬರಲು ಸಾಧ್ಯವಾಗಿದೆ. ಸೆರಾಮಿಕ್ ಮಾದರಿಯ ರಚನೆ ಬೇರೆ. ಅದರಲ್ಲಿ ತಂತಿಗಳ ಕೆಳಗೆ ಕಾಣುವ ಆರು ಕಡ್ಡಿಗಳು ಬರಿಯ ಉಕ್ಕಿನವು. ಅಯಸ್ಕಾಂತದ ಪಟ್ಟಿಯನ್ನು ಬಾಬಿನ್‌ನ (ಸುರುಳಿ ಸುತ್ತಿರುವ ಚೌಕಟ್ಟಿನ) ತಳಕ್ಕೆ ಅಂಟಿಸಿರುತ್ತಾರೆ. ಉಕ್ಕು ಸುರುಳಿಯ ಇಂಡಕ್ಟನ್ಸನ್ನು (ಪ್ರವಾಹದ ಬದಲಾವಣೆಯನ್ನು ವಿರೋಧಿಸುವ ಗುಣವನ್ನು) ಹೆಚ್ಚಿಸುತ್ತದೆ, ಇಂಡಕ್ಟನ್ಸ್ ಹೆಚ್ಚಿದಂತೆ ಪಿಕಪ್‌ನ ಅನುರಣನ, ಅಂದರೆ ಅದು ಅತಿ ಹೆಚ್ಚು ಎತ್ತಿ ಕೇಳಿಸುವ ಆವರ್ತನ, ಕೆಳಗಿಳಿಯುತ್ತದೆ. ಕೇಬಲ್ ಸೇರಿ ಒಟ್ಟು ಕೆಪಾಸಿಟನ್ಸ್ 600 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ, 2.4 ಹೆನ್ರಿಯ ಪಿಕಪ್‌ನ ಅನುರಣನ 4,200 ಹರ್ಟ್ಸ್ ಆಸುಪಾಸಿನಲ್ಲಿ ಬೀಳುತ್ತದೆ, 3.5 ಹೆನ್ರಿಯದಾದರೆ 3,500ರ ಹತ್ತಿರ. ಜೊತೆಗೆ ಉಕ್ಕಿನೊಳಗೆ ಹುಟ್ಟುವ ಸುಳಿ ವಿದ್ಯುತ್ ಪ್ರವಾಹಗಳು ಆ ಅನುರಣನದ ಶಿಖರವನ್ನು ತಗ್ಗಿಸುತ್ತವೆ. ನನ್ನ ಕಿವಿಗೆ ಕೇಳಿದ್ದೂ ಇದಕ್ಕೆ ಹೊಂದುತ್ತದೆ: ಆಲ್ನಿಕೊ ಸೆಟ್‌ನಲ್ಲಿ ಪ್ರತಿ ಮೀಟಿನ ಮೊದಲ ಕ್ಷಣ ಗಂಟೆಯಂತೆ ಸ್ಪಷ್ಟವಾಗಿದೆ, ಸೆರಾಮಿಕ್ ಸೆಟ್‌ನ ನಾದ ಮಧ್ಯಭಾಗದಲ್ಲಿ ದಟ್ಟ, ಮೇಲ್ಭಾಗದಲ್ಲಿ ಮಂಕು.

ಮಾರಾಟಗಾರರು ದೊಡ್ಡಕ್ಷರದಲ್ಲಿ ನಮೂದಿಸುವ ಕಿಲೋಓಮ್ ಲೆಕ್ಕವನ್ನು (ಸುರುಳಿಯ ವಿದ್ಯುತ್ ರೋಧವನ್ನು) ನೋಡಿ ಪಿಕಪ್ ಆರಿಸುವುದು ಸರಿಯಲ್ಲ. ಇನ್ನೂ ತೆಳುವಾದ ತಂತಿ ಸುತ್ತಿದರೆ ಸುತ್ತುಗಳ ಸಂಖ್ಯೆ ಹೆಚ್ಚದೆಯೇ ರೋಧ ಏರುತ್ತದೆ. ಅಷ್ಟೇ ಅಲ್ಲ, ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.39ರಷ್ಟು ಹೆಚ್ಚುವುದರಿಂದ, 6 ಕಿಲೋಓಮ್ ತೋರಿಸಿದ ಪಿಕಪ್ ಹತ್ತು ಡಿಗ್ರಿ ಹೆಚ್ಚು ಸೆಖೆಯ ದಿನ 6.2 ತೋರಿಸುತ್ತದೆ. ಸುರುಳಿ ಎಲ್ಲಾದರೂ ಕಡಿದಿದೆಯೇ ಎಂದು ತಿಳಿಯಲು ಈ ಅಳತೆ ಉಪಯುಕ್ತ; ನಾದದ ಗುಣವನ್ನು ಅದು ಹೇಳುವುದಿಲ್ಲ.

ಅಗ್ಗದ ಪಿಕಪ್‌ಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಎತ್ತರದ ಹೊಂದಾಣಿಕೆಯಿಂದ ಪರಿಹಾರವಾಗುವಂಥವು ಎಂಬುದು ನನ್ನ ದೃಢ ಅಭಿಪ್ರಾಯ. ಕೊನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಯ ಕೆಳಬದಿಗೂ ಕಡ್ಡಿಯ ತುದಿಗೂ ನಡುವಿನ ಅಂತರವನ್ನು ಅಳೆಯಬೇಕು. ದಪ್ಪ ತಂತಿಯ ಕಡೆ 2.4 ಮಿಲಿಮೀಟರ್, ತೆಳು ತಂತಿಯ ಕಡೆ 2 ಮಿಲಿಮೀಟರ್‌ನಿಂದ ಆರಂಭಿಸಿ, ಮುಂದಿನದನ್ನು ಕಿವಿಗೆ ಬಿಡುವುದು ಒಳ್ಳೆಯದು. ಆಲ್ನಿಕೊ ಕಡ್ಡಿಗಳು ತಂತಿಯನ್ನು ಬಲವಾಗಿ ಸೆಳೆಯುವುದರಿಂದ, ಪಿಕಪ್ ತೀರ ಮೇಲಿದ್ದರೆ ದಪ್ಪ ತಂತಿಯ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಅಲುಗಾಡುತ್ತದೆ, ಎಷ್ಟು ಶ್ರುತಿ ಮಾಡಿದರೂ ನಿಲ್ಲುವುದಿಲ್ಲ. ಸೆರಾಮಿಕ್ ಸೆಟ್‌ನಲ್ಲಿ ಈ ಸೆಳೆತ ಕಡಿಮೆ, ಅದನ್ನು ಇನ್ನಷ್ಟು ಮೇಲಕ್ಕೆ ತರಬಹುದು. ಕಡ್ಡಿಗಳ ಎತ್ತರ ಏರುಪೇರಾಗಿರುವ ಹಳೆಯ ಶೈಲಿಯ ಪಿಕಪ್ ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು: ಆ ಜೋಡಣೆ ಮೂರನೆಯ ತಂತಿಗೂ ಸುತ್ತುತಂತಿ (ಮೇಲೆ ಇನ್ನೊಂದು ತಂತಿ ಸುತ್ತಿದ್ದು) ಬಳಸುತ್ತಿದ್ದ ಕಾಲದ್ದು, ಇಂದಿನ ಬರಿತಂತಿಯಲ್ಲಿ ಆ ಒಂದು ಸ್ವರ ಉಳಿದವುಗಳನ್ನು ಮೀರಿ ಕೇಳುತ್ತದೆ. ಸಮ ಎತ್ತರದ ಕಡ್ಡಿಗಳಿರುವ ಸೆಟ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಬೆಲೆ ಇಳಿಸಲು ತಯಾರಕರು ಕೈಬಿಟ್ಟದ್ದು ಎಲ್ಲಿ ಎಂಬುದು ಗೇನ್ (ಆಂಪ್ಲಿಫೈಯರ್ ಸಂಕೇತವನ್ನು ವರ್ಧಿಸುವ ಪ್ರಮಾಣ) ಹೆಚ್ಚಿಸಿದಾಗ ಗೊತ್ತಾಗುತ್ತದೆ. ಸೆರಾಮಿಕ್ ಸೆಟ್‌ನ ಸುರುಳಿಗಳಿಗೆ ಮೇಣ ಇಳಿಸಿರಲಿಲ್ಲ. ಸಡಿಲ ಸುತ್ತುಗಳು ಕಂಪಿಸಿ ಆಂಪ್ಲಿಫೈಯರ್ ಎದುರು ಕಿರುಚುತ್ತಿದ್ದವು, ಉಗುರಿನಿಂದ ಕವಚವನ್ನು ತಟ್ಟಿದರೂ ಆ ಸದ್ದು ಸ್ಪೀಕರ್‌ನಲ್ಲಿ ಬರುತ್ತಿತ್ತು. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಗುಳ್ಳೆಗಳು ನಿಲ್ಲುವವರೆಗೆ ಪಿಕಪ್‌ಗಳನ್ನು ಅದರಲ್ಲಿ ಮುಳುಗಿಸಿಟ್ಟ ಮೇಲೆ ಕಿರುಚಾಟ ನಿಂತಿತು. ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು, ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುವ ಅಪಾಯವಿದೆ. ಮೇಣಕ್ಕೆ ನೇರ ಬೆಂಕಿ ತಾಗಲೇಬಾರದು. ಆಲ್ನಿಕೊ ಸೆಟ್‌ಗೆ ಈ ಆರೈಕೆ ಬೇಕಾಗಲಿಲ್ಲ.

ಮನೆಯ ವಿದ್ಯುತ್ತಿನಿಂದ ಬರುವ 50 ಅಥವಾ 60 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು ಎರಡೂ ಸೆಟ್‌ಗಳಲ್ಲಿದೆ. ಅದು ಸಿಂಗಲ್ ಕಾಯಿಲ್‌ನ ಸ್ವಭಾವ, ದುಬಾರಿ ಪಿಕಪ್‌ನಲ್ಲೂ ಇರುತ್ತದೆ. ಮಧ್ಯದ ಪಿಕಪ್‌ನ ಸುತ್ತೂ ಅಯಸ್ಕಾಂತದ ಧ್ರುವವೂ ಉಳಿದೆರಡಕ್ಕೆ ವಿರುದ್ಧವಾಗಿದ್ದರೆ, ಸ್ವಿಚ್‌ನ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ, ಅಂದರೆ ಅದು ಪಕ್ಕದ ಪಿಕಪ್ ಜೊತೆ ಕೂಡಿ ನುಡಿಯುವಾಗ, ಸದ್ದು ಬಹುಮಟ್ಟಿಗೆ ಅಡಗುತ್ತದೆ. ಧ್ರುವವನ್ನು ಒಂದು ದಿಕ್ಸೂಚಿ ಹಿಡಿದು ಪರೀಕ್ಷಿಸಬಹುದು. ಗಿಟಾರಿನ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಚರಪರ ಸದ್ದು ತಗ್ಗುತ್ತದೆ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದ ಬರುವ ಗುಂಯ್‌ಗುಡುವಿಕೆ ತಗ್ಗುವುದಿಲ್ಲ.

ಕೊಳ್ಳುವ ಮುನ್ನ ಕಡ್ಡಿಗಳ ನಡುವಿನ ಅಂತರ ನಿಮ್ಮ ಗಿಟಾರಿನ ತಂತಿಗಳ ಅಂತರಕ್ಕೆ ಹೊಂದುತ್ತದೆಯೇ ನೋಡಿ. ಮೊದಲ ಕಡ್ಡಿಯಿಂದ ಆರನೆಯದಕ್ಕೆ 48, 50, 52 ಮಿಲಿಮೀಟರ್‌ಗಳ ಮಾದರಿಗಳು ಒಂದೇ ಚಿತ್ರದಡಿ ಮಾರಾಟವಾಗುತ್ತವೆ. ವಾಲ್ಯೂಮ್‌ಗೆ 250 ಕಿಲೋಓಮ್‌ನ ಒಳ್ಳೆಯ ಪಾಟ್ (ತಿರುಗಿಸಿ ಬದಲಿಸುವ ರೋಧಕ) ಹಾಕಿಸಿ.

ಸದ್ಯ ನನ್ನ ಗಿಟಾರಿನ ನೆಕ್ (ಕುತ್ತಿಗೆಯ ಕಡೆಯ) ಮತ್ತು ಮಧ್ಯ ಸ್ಥಾನಗಳಲ್ಲಿ ಆಲ್ನಿಕೊ ಪಿಕಪ್‌ಗಳಿವೆ, ಬ್ರಿಡ್ಜ್ (ತಂತಿಗಳನ್ನು ಕಾಯದ ಮೇಲೆ ಹೊರುವ ಭಾಗದ ಬಳಿಯ) ಸ್ಥಾನದಲ್ಲಿ ಮೇಣ ಇಳಿಸಿದ ಸೆರಾಮಿಕ್ ಇದೆ. ಬ್ರಿಡ್ಜ್ ಬಳಿ ತಂತಿಯ ಕಂಪನದ ವಿಸ್ತಾರ ಕಡಿಮೆಯಾದ್ದರಿಂದ ಅಲ್ಲಿ ನಾದ ತೆಳ್ಳಗೂ ಚೂಪಾಗಿಯೂ ಇರುತ್ತದೆ. ಸೆರಾಮಿಕ್‌ನ ಆ ದಟ್ಟತನ ಅಲ್ಲಿ ವರವಾಗಿದೆ. ಹೀಗೆ ಎರಡು ಸೆಟ್‌ಗಳನ್ನು ಬೆರೆಸುವವರು ಬ್ರಿಡ್ಜ್ ಮತ್ತು ಮಧ್ಯದ ಪಿಕಪ್‌ಗಳನ್ನು ಒಟ್ಟಿಗೆ ನುಡಿಸಿ ನೋಡಬೇಕು. ಮಂದ್ರ ಸ್ವರಗಳು ಸೊರಗಿ ನಾದ ಟೊಳ್ಳಾಗಿ ಕೇಳಿದರೆ ಅವೆರಡರ ಫೇಸ್ (ಸಂಕೇತದ ಏರಿಳಿತದ ದಿಕ್ಕು) ವಿರುದ್ಧವಾಗಿದೆ. ಬ್ರಿಡ್ಜ್ ಪಿಕಪ್‌ನ ಎರಡು ವೈರ್‌ಗಳನ್ನು ಅದಲುಬದಲಾಗಿ ಬೆಸೆದರೆ ಸರಿಹೋಗುತ್ತದೆ.